ಶ್ರಾವಕನ ಅಡುಗೆಮನೆಯಲ್ಲಿ ವಾಫಲ್

ಆಹಾರಶುದ್ಧಿಯ ವಿಚಾರವನ್ನು ನಮ್ಮ ಆಚಾರ್ಯರು ಎಷ್ಟು ವಿಸ್ತಾರವಾಗಿ ನಿರೂಪಿಸಿದ್ದಾರೆಂಬುದು ಶ್ರಾವಕಾಚಾರ ಗ್ರಂಥಗಳನ್ನು ಓದಿದವರಿಗೆ ತಿಳಿದೇ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಅಷ್ಟ ಮೂಲಗುಣಗಳೆಂದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದೇ ಮೂರರ ಜೊತೆಗೆ ಆಲ, ಅರಳಿ, ಅತ್ತಿ ಮೊದಲಾದ ಐದು ಉದುಂಬರ ಫಲಗಳ ತ್ಯಾಗವನ್ನು ಹೇಳಿದರು. ಆಚಾರ್ಯರು ತಮ್ಮ ಕಾಲದ ಊಟದ ಎಲೆಯನ್ನು ಕಣ್ಣೆದುರಿಗಿಟ್ಟುಕೊಂಡು ಬರೆದರು. ಅಂದಿನ ಎಲೆಯ ಮೇಲೆ ಇಲ್ಲದ ಎಷ್ಟೋ ತಿನಿಸುಗಳು ಇಂದು ನಮ್ಮ ಮಕ್ಕಳ ತಟ್ಟೆಗೆ ಬಂದಿವೆ. ಅವುಗಳ ಹೆಸರು ಯಾವ ಶ್ರಾವಕಾಚಾರದಲ್ಲಿಯೂ ದೊರೆಯುವುದಿಲ್ಲ.

ಇಂತಹ ಹೊಸ ತಿನಿಸು ಮನೆಯ ಬಾಗಿಲಿಗೆ ಬಂದಾಗ ಎರಡು ಸುಲಭವಾದ ದಾರಿಗಳಿವೆ. ‘ಇದು ನಮ್ಮದಲ್ಲ’ ಎಂದು ಅಟ್ಟಿಬಿಡುವುದು ಒಂದು. ‘ಕಾಲ ಬದಲಾಗಿದೆ’ ಎಂದು ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಳ್ಳುವುದು ಇನ್ನೊಂದು. ಎರಡರಲ್ಲಿಯೂ ಯೋಚಿಸುವ ಶ್ರಮವಿಲ್ಲ. ಮೂರನೆಯ ದಾರಿ ಪರೀಕ್ಷೆಯದು: ಆ ವಸ್ತು ಯಾವುದರಿಂದ ಆಯಿತು, ಹೇಗೆ ಆಯಿತು, ಅದಕ್ಕಾಗಿ ಯಾವ ಜೀವಕ್ಕೆ ಏನಾಯಿತು ಎಂದು ಒಂದೊಂದಾಗಿ ಕೇಳಿನೋಡುವುದು. ಈಚೆಗೆ ನಮ್ಮ ಕೆದಂಬಾಡಿಯ ಮನೆಯಲ್ಲಿ ವಾಫಲ್ ಎಂಬ ತಿನಿಸಿನ ನೆಪದಿಂದ ಇಂತಹ ಪರೀಕ್ಷೆಯೊಂದು ನಡೆಯಿತು. ವಿಷಯ ಚಿಕ್ಕದಾದರೂ ಅದರಲ್ಲಿ ಎದ್ದ ಪ್ರಶ್ನೆಗಳು ಚಿಕ್ಕವಲ್ಲವೆಂದು ತೋರಿದ್ದರಿಂದ ಓದುಗರ ಮುಂದಿಡುತ್ತಿದ್ದೇನೆ.

ವಾಫಲ್ ಎಂದರೇನು?

ನೋಡದವರಿಗಾಗಿ ಎರಡು ಮಾತು. ದೋಸೆಯ ಹಿಟ್ಟಿಗಿಂತ ತುಸು ಗಟ್ಟಿಯಾದ ಗೋಧಿಹಿಟ್ಟಿನ ಕಲಸನ್ನು, ಚೌಕಾಕಾರದ ಹಳ್ಳದಿಣ್ಣೆಗಳಿರುವ ಎರಡು ಕಾದ ಲೋಹದ ಹಲಗೆಗಳ ನಡುವೆ ಸುರಿದು ಮುಚ್ಚಿ ಬೇಯಿಸಿದರೆ ಬರುವುದೇ ವಾಫಲ್. ಮೇಲೂ ಕೆಳಗೂ ಏಕಕಾಲಕ್ಕೆ ಕಾವು ತಗಲುವುದರಿಂದ ಮಗುಚಿ ಹಾಕುವ ಕೆಲಸವಿಲ್ಲ. ಹಳ್ಳದಿಣ್ಣೆಗಳಿಂದಾಗಿ ಕಾದ ಲೋಹಕ್ಕೆ ತಾಗುವ ಮೈ ಹೆಚ್ಚುತ್ತದೆ. ಆದ್ದರಿಂದ ಹೊರಗೆ ಗರಿಗರಿ, ಒಳಗೆ ಮೆದು.

ಯುರೋಪಿನಲ್ಲಿ ಮಧ್ಯಯುಗದಿಂದಲೂ ಉದ್ದ ಹಿಡಿಯ ಕಬ್ಬಿಣದ ಇಕ್ಕುಳದಂತಹ ಅಚ್ಚುಗಳಲ್ಲಿ ಇಂತಹ ಬಿಲ್ಲೆಗಳನ್ನು ಒಲೆಯ ಬೆಂಕಿಗೆ ಹಿಡಿದು ಸುಡುತ್ತಿದ್ದರು. ಅಮೆರಿಕದ ಟ್ರಾಯ್ ನಗರದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬವನು ಒಲೆಯ ಮೇಲಿಡುವ ವಾಫಲ್ ಅಚ್ಚಿಗೆ 1869ರ ಆಗಸ್ಟ್ 24ರಂದು ಹಕ್ಕುಪತ್ರ ಪಡೆದನು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬೆಲ್ಜಿಯಂನ ದಪ್ಪ ವಾಫಲ್ ಅಮೆರಿಕನ್ನರ ಮನಗೆದ್ದಿತು. ಈಗ ನಮ್ಮ ನಗರಗಳಲ್ಲಿಯೂ ಇದನ್ನು ಮಾರುವ ಅಂಗಡಿಗಳು ಸಾಕಷ್ಟಿವೆ.

ಕಾದ ಕಬ್ಬಿಣ ಮತ್ತು ಹಿಟ್ಟಿನ ಸಂಬಂಧ ನಮಗೇನೂ ಹೊಸತಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ದೋಸೆಯ ಕಾವಲಿ ಇದೆ, ಅಪ್ಪದ ಗುಳಿಕಾವಲಿ ಇದೆ. ಕಾದ ಅಚ್ಚನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸಿ ಮಾಡುವ ‘ಗುಲಾಬಿ ಹೂ’ ಇದೆ. ಕ್ರಿಶ್ಚಿಯನ್ ಬಂಧುಗಳು ಕ್ರಿಸ್‌ಮಸ್ಸಿಗೆ ಹಂಚುವ ಕುಸ್ವಾರಿನಲ್ಲಿ ಈ ಹೂವನ್ನು ನಾವೆಲ್ಲ ಕಂಡಿದ್ದೇವೆ. ವಾಫಲಿನ ಅಚ್ಚನ್ನು ಈ ಕುಟುಂಬದ ದೂರದ ನೆಂಟನೆಂದರೆ ತಪ್ಪಾಗದು.

ಅಡುಗೆಯ ಚರ್ಚೆ ಧರ್ಮಪತ್ರಿಕೆಗೆ ತಕ್ಕುದೇ ಎಂದು ಯಾರಾದರೂ ಕೇಳಿದರೆ ಮಂಗರಸನನ್ನು ನೆನಪಿಸಬೇಕಾಗುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ಜೈನ ಕವಿ. ನೇಮಿಜಿನೇಶ ಸಂಗತಿ, ಸಮ್ಯಕ್ತ್ವ ಕೌಮುದಿಗಳನ್ನು ಬರೆದ ಅದೇ ಕೈ ಸೂಪಶಾಸ್ತ್ರವನ್ನೂ ಷಟ್ಪದಿಯಲ್ಲಿ ಬರೆಯಿತು. ಹಿಟ್ಟಿನ ತಿನಿಸುಗಳಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಮಾಂಸದ ಸೋಂಕು ಎಲ್ಲಿಯೂ ಇಲ್ಲ. ಜೀವಹಿಂಸೆಯಿಲ್ಲದೆ ರುಚಿಯಾದ ಅಡುಗೆ ಮಾಡುವುದು ಒಂದು ವಿದ್ಯೆಯೆಂದು ನಮ್ಮ ಹಿರಿಯರು ತಿಳಿದಿದ್ದರು.

ಒಂದು ಪೊಟ್ಟಣ, ಒಂದು ಪ್ರಶ್ನೆ

ನಮ್ಮ ಮಗಳ ಮಗಳು ಪಿಯುಸಿ ಮುಗಿಸಿ, ದೂರದೂರಿನ ವಸತಿನಿಲಯಕ್ಕೆ ಹೋಗುವ ಮುನ್ನ ಬೇಸಿಗೆಯ ರಜೆಯಲ್ಲಿ ನಮ್ಮೊಡನೆ ಇದ್ದಳು. ಕೊಲ್ಲಿ ರಾಷ್ಟ್ರದಲ್ಲಿರುವ ಅವಳ ಮಾವ ಊರಿಗೆ ಬಂದಾಗ ವಿದ್ಯುತ್ತಿನಿಂದ ನಡೆಯುವ ವಾಫಲ್ ಯಂತ್ರವನ್ನೂ, ನೀರು ಬೆರೆಸಿದರೆ ಸಾಕು ಎನ್ನುವ ಸಿದ್ಧಹಿಟ್ಟಿನ ಪೊಟ್ಟಣವನ್ನೂ ಉಡುಗೊರೆಯಾಗಿ ತಂದಿದ್ದನು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಜಿನಸಿ ವ್ಯಾಪಾರದಲ್ಲಿರುವವನಾದ್ದರಿಂದ ಪೊಟ್ಟಣವನ್ನು ತಿರುಗಿಸಿ ಹಿಂಬದಿ ಓದುವುದು ನನಗೆ ಅಭ್ಯಾಸವಾಗಿಹೋಗಿದೆ. ಗೋಧಿಹಿಟ್ಟು, ಸಕ್ಕರೆ, ಹಾಲಿನ ಪುಡಿಗಳ ನಂತರ ಒಣಗಿಸಿದ ಮೊಟ್ಟೆಯ ಪುಡಿಯ ಹೆಸರಿತ್ತು. ಪೊಟ್ಟಣ ಅಲ್ಲಿಗೇ ಬದಿಗೆ ಸರಿಯಿತು.

ಹುಡುಗಿ ಬೇಸರಪಡಲಿಲ್ಲ, ಆದರೆ ಪ್ರಶ್ನೆಯನ್ನು ಬಿಡಲಿಲ್ಲ. “ಅಜ್ಜ, ಫಾರಂ ಮೊಟ್ಟೆಯಲ್ಲಿ ಮರಿಯಾಗುವ ಜೀವವೇ ಇರುವುದಿಲ್ಲವೆಂದು ನಾವು ಓದಿದ್ದೇವೆ. ಹಾಗಿದ್ದ ಮೇಲೆ ಅದು ಏಕೆ ಬೇಡ? ಹಾಸ್ಟೆಲಿನಲ್ಲಿ ಗೆಳತಿಯರು ಕೇಳಿದರೆ ನಾನು ಏನು ಹೇಳಲಿ?”

ಈ ಪ್ರಶ್ನೆಗೆ ‘ಹಿರಿಯರು ತಿನ್ನಲಿಲ್ಲ’ ಎಂಬ ಉತ್ತರ ಸಾಲದು. ಮನೆಯಲ್ಲಿರುವಷ್ಟು ದಿನ ಆ ಉತ್ತರ ನಡೆಯುತ್ತದೆ. ಮನೆಯ ಹೊಸ್ತಿಲು ದಾಟಿದ ಮೇಲೆ ಅದರ ಬಲ ಕುಗ್ಗುತ್ತದೆ. ಆಕೆ ಹೇಳಿದ ಜೀವಶಾಸ್ತ್ರದ ಮಾತು ನಿಜವೇ. ಹುಂಜದ ಸಂಗವಿಲ್ಲದೆ ಇಟ್ಟ ಮೊಟ್ಟೆಯಿಂದ ಮರಿ ಬಾರದು. ಅದನ್ನು ಒಪ್ಪಿಕೊಂಡೇ ನಾನು ಹೀಗೆ ಉತ್ತರಿಸಿದೆ: “ಮಗಳೇ, ಆ ಮೊಟ್ಟೆಯೊಂದನ್ನೇ ಮೇಜಿನ ಮೇಲಿಟ್ಟು ನೋಡಬೇಡ, ಅದು ಬಂದ ದಾರಿಯನ್ನು ನೋಡು. ಮೊಟ್ಟೆಗಾಗಿಯೇ ಬೆಳೆಸುವ ತಳಿಯಲ್ಲಿ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು. ಅವು ಮೊಟ್ಟೆಯಿಡುವುದಿಲ್ಲ, ಮಾಂಸಕ್ಕೂ ಲಾಭವಿಲ್ಲ. ಆದ್ದರಿಂದ ಮೊಟ್ಟೆಯೊಡೆದು ಬಂದ ದಿನವೇ ಅವುಗಳನ್ನು ಕೊಲ್ಲುವುದು ಈ ಉದ್ಯಮದ ರೂಢಿ. ಉಳಿದ ಹೆಣ್ಣು ಕೋಳಿಗಳಲ್ಲಿ ಬಹುಪಾಲು ರೆಕ್ಕೆ ಬಿಚ್ಚಲಾಗದ ತಂತಿಯ ಗೂಡುಗಳಲ್ಲಿ ಬದುಕಿ, ಮೊಟ್ಟೆಯಿಡುವುದು ಕಡಿಮೆಯಾದೊಡನೆ ಕಟುಕನ ಪಾಲಾಗುತ್ತವೆ. ನಾವು ಕೊಂದಿಲ್ಲ ನಿಜ. ಆದರೆ ನಮ್ಮ ಧರ್ಮ ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಂಗಡಿಯವನಾಗಿ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಇಂದು ಗಿರಾಕಿ ಕೊಟ್ಟ ಹಣವೇ ನಾಳೆ ತರಿಸುವ ಸರಕಿಗೆ ಆದೇಶ. ಕೊಳ್ಳುವವನು ಕೇವಲ ಕೊಳ್ಳುವುದಿಲ್ಲ, ಮಾಡಿಸುತ್ತಾನೆ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೊಟ್ಟೆ ಬಿಟ್ಟು ನಾವೇ ಮಾಡೋಣ” ಎಂದಳು. ಅಜ್ಜಿಗೂ ಉತ್ಸಾಹ ಬಂದಿತು.

ಒಂದೊಂದು ಪದಾರ್ಥದ ವಿಚಾರಣೆ

ಮೊಟ್ಟೆ ಬಿಟ್ಟೊಡನೆ ಎಲ್ಲವೂ ಶುದ್ಧವಾಯಿತೆಂದು ತಿಳಿಯುವವರು ಬಹಳ ಮಂದಿ. ನಾವು ಕುಳಿತು ಪಟ್ಟಿ ಮಾಡಿದಾಗ ವಿಚಾರಿಸಬೇಕಾದ ಪದಾರ್ಥಗಳು ಇನ್ನೂ ಇದ್ದವು.

ಮೊದಲನೆಯದು ಯೀಸ್ಟ್. ಬೆಲ್ಜಿಯಂನ ಕೆಲವು ಬಗೆಯ ವಾಫಲ್‌ಗಳಿಗೆ ಯೀಸ್ಟ್ ಹಾಕಿ ಹಿಟ್ಟನ್ನು ಹುದುಗಿಸುತ್ತಾರೆ. ಯೀಸ್ಟ್ ಸೂಕ್ಷ್ಮಜೀವಿ, ಅದನ್ನು ಬೇಕೆಂದೇ ಬೆಳೆಸಿ ಬೇಯಿಸುವುದು ವ್ರತಿಗಳಿಗೆ ಸಲ್ಲದು. ಆದರೆ ಹಿಟ್ಟು ಉಬ್ಬಲು ಬೇರೆ ದಾರಿಯಿದೆ. ಅಡುಗೆ ಸೋಡಕ್ಕೆ ಮಜ್ಜಿಗೆಯ ಅಥವಾ ನಿಂಬೆಯ ಹುಳಿ ಸೇರಿದರೆ ಇಂಗಾಲದ ಡೈ ಆಕ್ಸೈಡ್ ಅನಿಲ ಹುಟ್ಟಿ ಹಿಟ್ಟು ಆಗಲೇ ಹಗುರಾಗುತ್ತದೆ. ರಾತ್ರಿಯೆಲ್ಲ ಇಟ್ಟು ಹುಳಿ ಬರಿಸುವ ಅಗತ್ಯವಿಲ್ಲ. ರುಬ್ಬಿದೊಡನೆ ಹೊಯ್ಯುವ ನಮ್ಮ ನೀರುದೋಸೆಯನ್ನು ವ್ರತಿಗಳ ಮನೆಗಳಲ್ಲಿ ಮೆಚ್ಚುವುದಕ್ಕೂ ಇದೇ ಕಾರಣ.

ಎರಡನೆಯದು ವೆನಿಲ್ಲಾ. ಪೇಟೆಯಲ್ಲಿ ದೊರೆಯುವ ವೆನಿಲ್ಲಾ ಸಾರವನ್ನು ಸಾಮಾನ್ಯವಾಗಿ ಮದ್ಯಸಾರದಲ್ಲಿ ಇಳಿಸಿರುತ್ತಾರೆ. ಅಮೆರಿಕದ ನಿಯಮದಂತೆ ಅದರಲ್ಲಿ ಕನಿಷ್ಠ ಶೇಕಡಾ 35ರಷ್ಟು ಮದ್ಯಸಾರವಿರಬೇಕು. ಕಾವಿಗೆ ಬಹುಭಾಗ ಆವಿಯಾಗುತ್ತದೆಂಬ ಸಮಾಧಾನ ಮದ್ಯತ್ಯಾಗದ ವ್ರತಕ್ಕೆ ಒಪ್ಪುವುದಿಲ್ಲ. ನಮ್ಮ ಪುತ್ತೂರು, ಸುಳ್ಯದ ತೋಟಗಾರರಿಗೆ ವೆನಿಲ್ಲಾ ಅಪರಿಚಿತವಲ್ಲ. 2003–04ರ ಸುಮಾರಿಗೆ ಅದರ ಬೆಲೆ ಏರಿದ ಪರಿಯೂ, ಬಳಿಕ ಕುಸಿದ ಪರಿಯೂ ಎಲ್ಲರ ನೆನಪಿನಲ್ಲಿವೆ. ಬಳ್ಳಿಯನ್ನು ಇನ್ನೂ ಉಳಿಸಿಕೊಂಡವರು ಸಂಸ್ಕರಿಸಿದ ಕೋಡನ್ನು ಸೀಳಿ ಬಿಸಿ ಹಾಲಿನಲ್ಲಿ ನೆನೆಸಿದರೆ ಮದ್ಯಸಾರವಿಲ್ಲದೆಯೇ ಪರಿಮಳ ಬರುತ್ತದೆ. ಇಲ್ಲದವರಿಗೆ ಏಲಕ್ಕಿ ಇದ್ದೇ ಇದೆ.

ಮೂರನೆಯದು ಜೇನು. ವಾಫಲಿನ ಮೇಲೆ ಜೇನು ಸುರಿಯುವುದು ಎಲ್ಲೆಡೆ ಕಾಣುವ ಪದ್ಧತಿ. ಮಧುತ್ಯಾಗ ನಮ್ಮ ಮೂಲಗುಣಗಳಲ್ಲಿಯೇ ಸೇರಿರುವುದರಿಂದ ಹೆಚ್ಚಿನ ಚರ್ಚೆ ಬೇಕಿಲ್ಲ. ಅದರ ಸ್ಥಾನದಲ್ಲಿ ಜೋನಿ ಬೆಲ್ಲ, ಇಲ್ಲವೆ ನೀರುದೋಸೆಗೆ ಮಾಡುವಂತೆ ತೆಂಗಿನ ಹಾಲಿಗೆ ಬೆಲ್ಲ ಕೂಡಿಸಿದ ಕಾಯಿಹಾಲು.

ನಾಲ್ಕನೆಯದು ಬೆಣ್ಣೆ. ಕಂದಮೂಲಗಳ ಜೊತೆಗೆ ನವನೀತವನ್ನೂ ಸಮಂತಭದ್ರಾಚಾರ್ಯರು ಅಲ್ಪಫಲ, ಬಹುವಿಘಾತದ ಪದಾರ್ಥಗಳಲ್ಲಿ ಎಣಿಸಿದ್ದಾರೆ. ಎಂದರೆ ನಮಗೆ ಸಿಗುವ ಪ್ರಯೋಜನ ಅಲ್ಪ, ಜೀವಗಳಿಗಾಗುವ ಘಾತ ಬಹಳ. ಕಡೆದ ಬೆಣ್ಣೆಯನ್ನು ಅಂತರ್ಮುಹೂರ್ತದೊಳಗೆ, ಎಂದರೆ 48 ನಿಮಿಷಗಳೊಳಗೆ, ಕಾಸಿ ತುಪ್ಪ ಮಾಡಬೇಕೆಂಬುದು ಸಂಪ್ರದಾಯ. ತಿಂಗಳುಗಟ್ಟಲೆ ಶೀತಪೆಟ್ಟಿಗೆಯಲ್ಲಿದ್ದ ಬೆಣ್ಣೆಯ ಬದಲು ತುಪ್ಪವನ್ನು ಹಾಕಿದರೆ ವಾಫಲ್ ಇನ್ನಷ್ಟು ಗರಿಗರಿಯಾಗುತ್ತದೆ. ಬೆಣ್ಣೆಯಲ್ಲಿ ನೀರಿನ ಅಂಶವಿರುತ್ತದೆ, ತುಪ್ಪದಲ್ಲಿ ಇರುವುದಿಲ್ಲ.

ಐದನೆಯದು ಸ್ವಲ್ಪ ಸೂಕ್ಷ್ಮವಾದುದು. ಮೊಟ್ಟೆಗೆ ಬದಲಾಗಿ ಕಡಲೆಹಿಟ್ಟನ್ನು ಮೊಸರಿನಲ್ಲಿ ಕಲಸಿ ಹಾಕಬೇಕೆಂದು ಕೆಲವು ಪಾಕವಿಧಾನಗಳು ಹೇಳುತ್ತವೆ. ಕಾಸದ ಹಾಲಿನ ಮೊಸರು ದ್ವಿದಳ ಧಾನ್ಯದೊಡನೆ ಕೂಡಿದರೆ ದ್ವಿದಳ ದೋಷವಾಗುತ್ತದೆಂಬುದನ್ನು ನಮ್ಮ ಮನೆಗಳ ಹಿರಿಯ ಹೆಂಗಸರು ಪುಸ್ತಕ ನೋಡದೆಯೇ ಹೇಳಬಲ್ಲರು. ಮೊಟ್ಟೆಯಿಲ್ಲದ ಪಾಕವೆಲ್ಲ ಜೈನ ಪಾಕವಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಗೋಧಿಯೂ ಅಕ್ಕಿಯೂ ದ್ವಿದಳಗಳಲ್ಲವಾದ್ದರಿಂದ ಅವುಗಳಿಗೆ ಮಜ್ಜಿಗೆ ಕೂಡಬಹುದು. ಅಂಟುಗುಣ ಬೇಕೆನಿಸಿದರೆ ಚೆನ್ನಾಗಿ ಕಳಿತ ಬಾಳೆಹಣ್ಣು ಸಾಕು.

ಕೊನೆಯದು ಹಿಟ್ಟು. ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಬೀಸಿದ ಹಿಟ್ಟಿಗೆ ಹೇಳಿರುವ ಮರ್ಯಾದೆಯನ್ನು ಕಿರಿಯರು ಮೂಢನಂಬಿಕೆ ಎನ್ನುವುದುಂಟು. ಆಟಿಯ ತಿಂಗಳಲ್ಲಿ ಜಿನಸಿ ಅಂಗಡಿ ನಡೆಸಿದವನು ಹಾಗೆನ್ನಲಾರ. ನಮ್ಮ ಮಳೆಯ ತೇವದಲ್ಲಿ ಮೈದಾ, ರವೆಗಳಿಗೆ ಹುಳು ಹಿಡಿಯುವುದಕ್ಕೆ ಎಷ್ಟು ಕಡಿಮೆ ದಿನ ಸಾಕೆಂಬುದನ್ನು ಆತ ದಿನವೂ ಕಾಣುತ್ತಾನೆ. ನಿಯಮ ಮಾಡಿದವರು ಋತುವನ್ನು ನೋಡಿ ಮಾಡಿದ್ದಾರೆ.

ಇಲ್ಲಿ ಹಸಿರು ಚುಕ್ಕೆಯ ಕುರಿತು ಒಂದು ಎಚ್ಚರಿಕೆ. ಪೊಟ್ಟಣದ ಮೇಲೆ ಸಸ್ಯಾಹಾರದ ಗುರುತು ಕಡ್ಡಾಯವಾದುದು ಈ ಶತಮಾನದ ಆರಂಭದಲ್ಲಿ. ಅದರಿಂದ ನಮಗೆ ದೊಡ್ಡ ಉಪಕಾರವಾಗಿದೆ. ಮೊಟ್ಟೆಯಿದ್ದರೆ ಹಸಿರು ಗುರುತು ದೊರೆಯದು. ಆದರೆ ಜೇನಿನ ಬಾಟಲಿಯ ಮೇಲೂ ಹಸಿರು ಚುಕ್ಕೆ ಇರುತ್ತದೆ, ಬೆಳ್ಳುಳ್ಳಿಯ ಉಪ್ಪಿನಕಾಯಿಯ ಮೇಲೂ ಇರುತ್ತದೆ. ಸರಕಾರದ ಗುರುತು ಸರಕಾರದ ವ್ಯಾಖ್ಯೆಗೆ ಸರಿಯಾಗಿರುತ್ತದೆ. ನಮ್ಮ ವ್ರತದ ಕಾವಲು ನಮ್ಮದೇ. ವಿದೇಶದಿಂದ ನೆಂಟರು ಕೈಚೀಲದಲ್ಲಿ ತರುವ ಪೊಟ್ಟಣಗಳಲ್ಲಿ ಆ ಗುರುತೂ ಇರುವುದಿಲ್ಲ. 471 ಎಂಬ ಸಂಖ್ಯೆಯ ಪದಾರ್ಥ ಸಸ್ಯದ ಎಣ್ಣೆಯಿಂದಲೂ ಆಗಬಹುದು, ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. 322 ಎಂದರೆ ಲೆಸಿಥಿನ್; ಅದು ಸೋಯಾದಿಂದಲೂ ಬರುತ್ತದೆ, ಮೊಟ್ಟೆಯಿಂದಲೂ ಬರುತ್ತದೆ. ಸಂದೇಹವಿದ್ದಲ್ಲಿ ಬಿಡುವುದೇ ಮೇಲು.

ನಾವು ಮಾಡಿದ ಬಗೆ

ಒಂದು ಲೋಟ ಹೊಸದಾಗಿ ಬೀಸಿ ಜರಡಿಯಾಡಿದ ಗೋಧಿಹಿಟ್ಟು, ಅರ್ಧ ಲೋಟ ಬೆಳ್ತಿಗೆ ಅಕ್ಕಿಯ ಹಿಟ್ಟು, ಎರಡು ಚಮಚ ಬೆಲ್ಲದ ಪುಡಿ, ಚಿಟಿಕೆ ಉಪ್ಪು, ಏಲಕ್ಕಿ. ಇದಕ್ಕೆ ಅದೇ ದಿನ ಕಡೆದ ಮಜ್ಜಿಗೆ ಸುಮಾರು ಒಂದೂಕಾಲು ಲೋಟ, ಕರಗಿಸಿದ ತುಪ್ಪ ನಾಲ್ಕು ಚಮಚ. ತೆಳುವಾಗಿಸಲು ಬೇಕಾದರೆ ಸೋಸಿದ ನೀರು. ಅಡುಗೆ ಸೋಡ ಅರ್ಧ ಸಣ್ಣ ಚಮಚ. ಅದನ್ನು ಅಚ್ಚು ಕಾದ ಮೇಲೆ, ಎಲ್ಲಕ್ಕಿಂತ ಕೊನೆಯಲ್ಲಿ ಹಾಕಬೇಕು. ಮೊದಲೇ ಹಾಕಿದರೆ ಅನಿಲ ಹೊರಟುಹೋಗಿ ವಾಫಲ್ ರೊಟ್ಟಿಯಂತೆ ಗಟ್ಟಿಯಾಗುತ್ತದೆ. ಗೋಧಿಯ ಜಿಗುಟು ಅಕ್ಕಿಗಿಲ್ಲ. ಅಕ್ಕಿಹಿಟ್ಟು ಸೇರಿದ್ದರಿಂದಲೇ ಅಂಚು ಗರಿಗರಿಯಾಗುವುದು. ಹೆಚ್ಚು ತಿರುವಬಾರದು. ಮುಚ್ಚಿದ ಅಚ್ಚಿನ ಸಂದಿನಿಂದ ಹಬೆ ಬರುತ್ತಿರುವವರೆಗೆ ತೆರೆಯಬಾರದು. ಹಬೆ ನಿಂತಿತೆಂದರೆ ಒಳಗಿನ ನೀರು ಆರಿದೆಯೆಂದು ತಿಳಿಯಬೇಕು. ಐದಾರು ನಿಮಿಷ ಸಾಕು.

ಆದರೆ ಇವೆಲ್ಲಕ್ಕಿಂತ ಮೊದಲಿನ ಕೆಲಸವೊಂದಿದೆ. ಯಂತ್ರವನ್ನು ವಿದ್ಯುತ್ತಿಗೆ ಜೋಡಿಸುವ ಮುನ್ನ ತೆರೆದು, ಬೆಳಕಿಗೆ ಹಿಡಿದು, ಒಂದೊಂದು ಚೌಕವನ್ನೂ ನೋಡಬೇಕು. ಹಿಂದಿನ ಸಲದ ಬೆಲ್ಲದ ಅಂಶ ಎಲ್ಲಿಯಾದರೂ ಉಳಿದಿದ್ದರೆ ಆ ಹಳ್ಳಗಳು ಇರುವೆಗಳಿಗೆ ಹೇಳಿ ಮಾಡಿಸಿದ ಜಾಗ. ಸಂದುಗಳಲ್ಲಿ ಜಿರಳೆಯ ಮರಿಗಳೂ ಸೇರಿಕೊಳ್ಳುತ್ತವೆ. ಮುಚ್ಚಿದ ಯಂತ್ರವನ್ನು ಹಾಗೆಯೇ ಕಾಯಿಸಿದರೆ ಒಳಗಿದ್ದ ಜೀವಿಗಳು ತಪ್ಪಿಸಿಕೊಳ್ಳುವ ದಾರಿಯಿಲ್ಲದೆ ಬೇಯುತ್ತವೆ. ನಮಗದು ತಿಳಿಯುವುದೂ ಇಲ್ಲ. ವಸ್ತುವನ್ನು ತೆಗೆಯುವಾಗ, ಇಡುವಾಗ ನೋಡಿ ನಡೆಯುವ ಆದಾನ-ನಿಕ್ಷೇಪಣ ಸಮಿತಿ ಮುನಿಗಳಿಗೆ ಹೇಳಿದ್ದು. ಅದರ ಒಂದು ಅಂಶವನ್ನಾದರೂ ಗೃಹಸ್ಥನು ತನ್ನ ಅಡುಗೆಮನೆಗೆ ತರಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೆ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಮೊಟ್ಟೆಯನ್ನು ಬಿಟ್ಟು, ಹತ್ತು ಇರುವೆಗಳನ್ನು ನೋಡದೆ ಸುಟ್ಟ ಮೇಲೆ ‘ಇದು ಅಹಿಂಸಾ ಆಹಾರ’ ಎನ್ನುವುದು ಯಾವ ಲೆಕ್ಕ? ಈ ಕೆಲಸವನ್ನು ಮೊಮ್ಮಗಳಿಗೇ ವಹಿಸಿದೆವು. ಮೆದುವಾದ ಒಣ ಬಟ್ಟೆಯಿಂದ ಚೌಕಗಳನ್ನು ಒರಸಿಕೊಂಡು ಹೋಗುವುದು ಎರಡೇ ದಿನಗಳಲ್ಲಿ ಅವಳ ಕೈಗೆ ರೂಢಿಯಾಯಿತು.

ಹಿಟ್ಟಿನ ಕೋಳಿಯ ಪ್ರಶ್ನೆ

ಈ ಪ್ರಯೋಗವನ್ನು ಕೇಳಿದ ಹಿರಿಯ ಮಿತ್ರರೊಬ್ಬರು ಬಸದಿಯ ಜಗಲಿಯಲ್ಲಿ ಕುಳಿತು ಗಂಭೀರವಾದ ಆಕ್ಷೇಪವೊಂದನ್ನು ಎತ್ತಿದರು. “ಮೊಟ್ಟೆಯ ತಿನಿಸನ್ನು ಮೊಟ್ಟೆಯಿಲ್ಲದೆ ಮಾಡಿ ತಿನ್ನುವುದೂ ಯಶೋಧರನ ಹಿಟ್ಟಿನ ಕೋಳಿಯೂ ಒಂದೇ ಅಲ್ಲವೇ?”

1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದಿದೆ. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ, ಜೀವಬಲಿಗೆ ಒಪ್ಪದ ಯಶೋಧರನು ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪಿದನು. ಕಡಿದಾಗ ಅದು ಕೂಗಿತು. ಆ ಒಂದು ಸಂಕಲ್ಪದ ಫಲವಾಗಿ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರ ಮೃಗಪಕ್ಷಿಗಳಾಗಿ ತೊಳಲಿದರು. ಕೊನೆಗೆ ಅಭಯರುಚಿ, ಅಭಯಮತಿಯರಾಗಿ ಹುಟ್ಟಿ ಮಾರಿದತ್ತನ ಮುಂದೆ ತಮ್ಮ ಕಥೆಯನ್ನು ಹೇಳಿ ಅವನ ಕೈಯ ಕತ್ತಿಯನ್ನು ಕೆಳಗಿಳಿಸಿದರು. ಕೊಲ್ಲದಿದ್ದರೂ ಕೊಲ್ಲುವ ಭಾವವಿದ್ದರೆ ಹಿಂಸೆಯಾಗುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಕಥೆ ಇನ್ನೊಂದಿಲ್ಲ.

ಮಿತ್ರರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕೆಲವು ದಿನ ಅದನ್ನೇ ಯೋಚಿಸಿದೆ. ಯಶೋಧರನ ಕೃತ್ಯದಲ್ಲಿ ಮೂರು ಅಂಗಗಳಿವೆ. ಹಿಟ್ಟಿಗೆ ಕೋಳಿಯ ರೂಪ ಕೊಟ್ಟದ್ದು ಅದು ಕೋಳಿಯೆಂದು ಭಾವಿಸಬೇಕೆಂದೇ. ಅದನ್ನು ಕತ್ತಿಯಿಂದ ಕಡಿದದ್ದು ಕೊಲ್ಲುವ ಕ್ರಿಯೆಯೆಂದು ತಿಳಿದೇ. ಬಯಸಿದ ಫಲವೂ ಕೊಂದುದರ ಫಲವೇ. ವಾಫಲಿನಲ್ಲಿ ಈ ಮೂರೂ ಇಲ್ಲ. ಅದರ ರೂಪ ಕಬ್ಬಿಣದ ಚೌಕಗಳ ರೂಪ, ಯಾವ ಪ್ರಾಣಿಯ ರೂಪವೂ ಅಲ್ಲ. ಅದನ್ನು ಬೇಯಿಸುವಾಗ ಯಾವ ಜೀವವನ್ನೂ ಮನಸ್ಸಿನಲ್ಲಿ ಕೊಲ್ಲುವುದಿಲ್ಲ. ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ ಇದೆ ನಿಜ. ದೋಸೆ ಹೊಯ್ಯುವಾಗಲೂ ಅಷ್ಟೇ ಇದೆ. ಸಂಕಲ್ಪೀ ಹಿಂಸೆ ಇಲ್ಲ.

ಆದರೂ ಮಿತ್ರರ ಪ್ರಶ್ನೆಯಿಂದ ನನಗೆ ಎರಡು ಲಾಭವಾದವು. ‘ಮೊಟ್ಟೆ ಹಾಕಿದ್ದಕ್ಕಿಂತ ಒಂದಿಷ್ಟೂ ಬೇರೆಯಿಲ್ಲ’ ಎಂದು ಬಾಯಿ ಚಪ್ಪರಿಸುತ್ತ, ಬಿಟ್ಟ ವಸ್ತುವನ್ನೇ ಮನಸ್ಸಿನಲ್ಲಿ ಸವಿಯುತ್ತ ತಿಂದರೆ ತ್ಯಾಗ ನಾಲಿಗೆಯ ತುದಿಯಲ್ಲಿ ಮಾತ್ರ ಆಯಿತು. ಆದ್ದರಿಂದ ಮೊಟ್ಟೆಯ ವಾಸನೆ, ರುಚಿಗಳನ್ನು ನಕಲು ಮಾಡುವ ಸಾಧನಗಳನ್ನು ನಾವು ಹುಡುಕಲೇ ಇಲ್ಲ. ಗೋಧಿ ಗೋಧಿಯಂತೆ, ಬೆಲ್ಲ ಬೆಲ್ಲದಂತೆ, ತುಪ್ಪ ತುಪ್ಪದಂತೆ ರುಚಿಸಿದರೆ ಸಾಕು.

ಎರಡನೆಯದು ಅಚ್ಚುಗಳ ವಿಚಾರ. ಮಕ್ಕಳ ಮನರಂಜನೆಗಾಗಿ ಕೋಳಿಮರಿ, ಕರಡಿ, ಮೊಲಗಳ ಆಕಾರದ ವಾಫಲ್ ಅಚ್ಚುಗಳೂ ಮಾರಾಟಕ್ಕಿವೆ. ಮೊಮ್ಮಗಳು ಅಂತಹ ಒಂದನ್ನು ಚಿತ್ರದಲ್ಲಿ ತೋರಿಸಿ ತರಿಸಬೇಕೆಂದಿದ್ದಳು. ಸಂಕ್ರಾಂತಿಯ ಸಕ್ಕರೆ ಅಚ್ಚುಗಳಲ್ಲಿ ಪ್ರಾಣಿಗಳ ಆಕಾರವನ್ನು ನಮ್ಮ ಹಿರಿಯರು ಏಕೆ ಬೇಡವೆನ್ನುತ್ತಿದ್ದರೆಂದು ಯಶೋಧರನ ಕಥೆಯೊಡನೆ ಅವಳಿಗೆ ಹೇಳಿದೆ. ಪುಟ್ಟ ಮಗು ಮೊಲದ ಕಿವಿಯನ್ನು ಮೊದಲು ಕಚ್ಚುತ್ತೇನೆ, ಆಮೇಲೆ ತಲೆಯನ್ನು ಎಂದು ನಗುತ್ತ ತಿನ್ನುವಾಗ ಆ ಆಟದಲ್ಲಿ ಏನು ಕಲಿಯುತ್ತದೆಂದು ಯೋಚಿಸಬೇಕು. ಅವಳು ಸ್ವಲ್ಪ ಹೊತ್ತು ಹುಡುಕಿ, ಐದು ಎಸಳಿನ ಹೂವಿನಂತೆ ಕಾಣುವ ಬೇರೊಂದು ಅಚ್ಚನ್ನು ತೋರಿಸಿ, “ಅಜ್ಜ, ಇದಕ್ಕೆ ನಿಮ್ಮ ಮಿತ್ರರ ಒಪ್ಪಿಗೆ ಇದೆಯೇ?” ಎಂದಳು. ಮಿತ್ರರು ನಕ್ಕು ಒಪ್ಪಿದರು.

ರುಚಿಗೂ ಮಿತಿ

ಶುದ್ಧವಾದುದೆಂಬ ಕಾರಣಕ್ಕೆ ಮಿತಿಯಿಲ್ಲದೆ ತಿನ್ನಬಹುದೆಂದಲ್ಲ. ಭೋಗೋಪಭೋಗ ಪರಿಮಾಣ ವ್ರತ ಶುದ್ಧ ಪದಾರ್ಥಕ್ಕೂ ಅನ್ವಯಿಸುತ್ತದೆ. ನಮ್ಮ ಮನೆಯಲ್ಲಿ ಎರಡು ನಿಯಮಗಳನ್ನು ಇಟ್ಟುಕೊಂಡೆವು. ವಾರಕ್ಕೆ ಒಂದು ದಿನ, ಒಬ್ಬರಿಗೆ ಒಂದು. ಅದೂ ಸೂರ್ಯಾಸ್ತಕ್ಕೆ ಮುಂಚೆ. ನಗರಗಳಲ್ಲಿ ವಾಫಲ್ ರಾತ್ರಿಯೂಟದ ನಂತರದ ತಿನಿಸಾಗಿದೆ. ಮೊಟ್ಟೆಯಿಲ್ಲದ ವಾಫಲ್ ಮಾರುವ ಅಂಗಡಿಗಳೂ ಜನರಿಂದ ತುಂಬುವುದು ಕತ್ತಲಾದ ಮೇಲೆಯೇ. ಮನೆಯಲ್ಲಿ ಮಾಡಿಕೊಳ್ಳುವವರಿಗೆ ಹೊತ್ತು ತಮ್ಮ ಕೈಯಲ್ಲಿರುತ್ತದೆ. ಇದೂ ಒಂದು ಲಾಭ. ಮೇಲೆ ಸುರಿಯಲು ಚಾಕೊಲೇಟ್ ಬೇಕೆಂದವರಿಗೆ ನಮ್ಮ ಊರ ತೋಟಗಳ ಕೋಕೋ ಇದೆ. ಅಡಿಕೆಯ ನಡುವೆ ಬೆಳೆದ ಕೋಕೋ ಬೀಜಕ್ಕಾಗಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿಯೇ ಕಾರ್ಖಾನೆ ತೆರೆಯಿತು. ಕೋಕೋ ಪುಡಿಯನ್ನು ಬೆಲ್ಲದ ಪಾಕದಲ್ಲಿ ಕಲಸಿದರೆ ಪೇಟ ಬಾಟಲಿಯ ಸಂಖ್ಯೆಗಳನ್ನು ಓದುವ ಕಷ್ಟ ತಪ್ಪುತ್ತದೆ.

ಮೊಮ್ಮಗಳು ಈಗ ವಸತಿನಿಲಯದಲ್ಲಿದ್ದಾಳೆ. ಒಂದು ದಿನ ದೂರವಾಣಿಯಲ್ಲಿ ಮಾತಾಡುವಾಗ, ಗೆಳತಿಯ ಹುಟ್ಟುಹಬ್ಬದಲ್ಲಿ ತಂದಿದ್ದ ತಿನಿಸಿನ ಪೆಟ್ಟಿಗೆಯನ್ನು ತಿರುಗಿಸಿ ಓದಿದೆನೆಂದು ಹೇಳಿದಳು. “ನಾಚಿಕೆಯಾಯಿತೇ?” ಎಂದು ಅವಳ ಅಜ್ಜಿ ಕೇಳಿದರು. “ಮೊದಲು ಸ್ವಲ್ಪ ಆಯಿತು. ಆಮೇಲೆ ಇನ್ನಿಬ್ಬರು ಬಂದು ಅವರೂ ಓದತೊಡಗಿದರು, ಅವರ ಕಾರಣ ಬೇರೆ, ಅವರಿಗೆ ಸಕ್ಕರೆಯ ಲೆಕ್ಕ ಬೇಕಿತ್ತು” ಎಂದಳು. ನಾಳೆ ಅವಳು ಯಾವ ನಿಯಮಗಳನ್ನು ಉಳಿಸಿಕೊಳ್ಳುತ್ತಾಳೆ, ಯಾವುದನ್ನು ಸಡಿಲಿಸುತ್ತಾಳೆ ಎಂದು ಹೇಳುವ ಶಕ್ತಿ ನನಗಿಲ್ಲ. ವ್ರತವನ್ನು ಇನ್ನೊಬ್ಬರು ಹೊತ್ತು ನಡೆಸಲಾಗದು. ಕೇಳುವ ಅಭ್ಯಾಸವೊಂದನ್ನು ಜೊತೆಗೆ ಕಳುಹಿಸಬಹುದು, ಅಷ್ಟೇ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ದಶಲಕ್ಷಣ ಪರ್ವದಲ್ಲಿ, ಬೇಸಿಗೆಯ ಸಂಸ್ಕಾರ ಶಿಬಿರಗಳಲ್ಲಿ ನಾವು ಮಕ್ಕಳಿಗೆ ಸ್ತೋತ್ರಗಳನ್ನು ಕಲಿಸುತ್ತೇವೆ, ಅದು ಆಗಲೇಬೇಕು. ಅದರೊಡನೆ ಒಂದು ಮಧ್ಯಾಹ್ನವನ್ನು ಅಡುಗೆಮನೆಗೆ ಮೀಸಲಿಡಬಾರದೇ? ನೀರು ಸೋಸುವುದು, ಹಿಟ್ಟು ಜರಡಿಯಾಡುವುದು, ಒಲೆ ಹಚ್ಚುವ ಮುನ್ನ ನೋಡುವುದು, ಪೊಟ್ಟಣದ ಹಿಂಬದಿ ಓದುವುದು, ಕೊನೆಗೆ ಮಕ್ಕಳು ಇಷ್ಟಪಡುವ ಒಂದು ಹೊಸ ತಿನಿಸನ್ನು ನಮ್ಮ ಮರ್ಯಾದೆಯೊಳಗೆ ಮಾಡಿ ಹಂಚಿ ತಿನ್ನುವುದು. ಗಂಡುಮಕ್ಕಳೂ ಇದರಲ್ಲಿ ಇರಲಿ. ವಸತಿನಿಲಯಕ್ಕೆ ಅವರೂ ಹೋಗುತ್ತಾರೆ. ಖರ್ಚು ಹೆಚ್ಚಿಲ್ಲ: ಒಂದು ಅಚ್ಚು, ಒಂದಿಷ್ಟು ಹಿಟ್ಟು, ತಾಳ್ಮೆಯುಳ್ಳ ಇಬ್ಬರು ಹಿರಿಯರು.

ಜೈ ಜಿನೇಂದ್ರ.